ಮಳೆಗಾಲದಲ್ಲಿ ಫೈಟರ್ ಮೀನಿನ ಬಾಲ ಕೊಳೆಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾವು ಸೋಮವಾರಪೇಟೆಯವರು. ಮಗಳ ಬೆಟ್ಟಾ (ಫೈಟರ್) ಮೀನಿನ ಬಾಲದ ಅಂಚು ಕಪ್ಪಾಗಿ, ಎಳೆ ಎಳೆಯಾಗಿ ಉದುರುತ್ತಿದೆ. ಅಂಗಡಿಯಲ್ಲಿ ನೀಲಿ ಔಷಧಿ ಕೊಟ್ಟಿದ್ದಾರೆ. ಹಾಕಬಹುದಾ? ಬಾಲ ಮತ್ತೆ ಬರುತ್ತಾ?

ಉತ್ತರ:

ಬರುತ್ತದೆ. ಕೊಳೆತ ಮೈವರೆಗೆ ಮುಟ್ಟಿಲ್ಲ ಅಂದರೆ ಮಗಳಿಗೆ ಧೈರ್ಯವಾಗಿ ಹೇಳಿ. ನೀಲಿ ಔಷಧಿ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ತೊಟ್ಟಿಯ ನೀರು ಮುಟ್ಟಿ ನೋಡಿ. ತಣ್ಣಗಿದೆ ಅಲ್ವಾ?

ನಮ್ಮದು ಮಡಿಕೇರಿ ಹತ್ತಿರದ ತೋಟದ ಮನೆ. ಒಂದು ಜುಲೈಯಲ್ಲಿ ನನ್ನ ಮೀನಿಗೂ ಹೀಗೇ ಆಯಿತು. ಕಿಟಕಿ ಪಕ್ಕದ ಗಾಜಿನ ಬೌಲ್, ವಾರಗಟ್ಟಲೆ ಬಿಡದ ಮಳೆ. ನಾನೂ ಮೊದಲು ಔಷಧಿಯನ್ನೇ ಹಾಕಿದೆ. ನೀರೆಲ್ಲ ನೀಲಿಯಾಯಿತು, ಬಾಲ ಮಾತ್ರ ದಿನಾ ಚಿಕ್ಕದಾಗುತ್ತಲೇ ಇತ್ತು. ಕೊನೆಗೆ ಥರ್ಮಾಮೀಟರ್ ಇಟ್ಟು ನೋಡಿದರೆ 19 ಡಿಗ್ರಿ! ಈ ಮೀನಿನ ಮೂಲ ಥಾಯ್ಲೆಂಡ್ ಕಡೆಯ ಬೆಚ್ಚಗಿನ ಗದ್ದೆ, ಕೆಸರು ನೀರು. ಅದಕ್ಕೆ 25ರಿಂದ 27 ಡಿಗ್ರಿ ಬೇಕು. ಚಳಿ ಹಿಡಿದರೆ ತಿಂದದ್ದು ಅರಗುವುದಿಲ್ಲ, ರೋಗ ತಡೆಯುವ ಶಕ್ತಿಯೂ ಇಳಿಯುತ್ತದೆ. ಏರೋಮೊನಾಸ್, ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾ ನೀರಿನಲ್ಲಿ ಇದ್ದೇ ಇರುತ್ತವೆ. ಮೀನು ಸೋತಾಗ ರೆಕ್ಕೆಗೆ ಹತ್ತಿಕೊಳ್ಳುತ್ತವೆ.

ನಮ್ಮ ಕಡೆ ಕೊಳೆರೋಗ ಅಂದರೆ ಕಾಫಿ ಗಿಡವೇ ಕಣ್ಣ ಮುಂದೆ ಬರುವುದು. ಅದು ಶಿಲೀಂಧ್ರದ ಕೆಲಸ, ಮೀನಿನದು ಹೆಚ್ಚಾಗಿ ಬ್ಯಾಕ್ಟೀರಿಯಾದ್ದು. ಎರಡೂ ಜೋರಾಗುವುದು ಮಾತ್ರ ಈ ಮಳೆಯಲ್ಲೇ.

ಹಾಗಾಗಿ ಮೊದಲು ಒಂದು ಹೀಟರ್ ತನ್ನಿ. 10ರಿಂದ 20 ಲೀಟರ್ ತೊಟ್ಟಿಗೆ 25 ವಾಟ್ ಸಾಕು. ಒಂದೇ ಸಲ ಬಿಸಿ ಮಾಡಬೇಡಿ. ನಾನು ಮೊದಲ ದಿನ 22ಕ್ಕೆ, ಮರುದಿನ 24ಕ್ಕೆ, ಆಮೇಲೆ 26ಕ್ಕೆ ಏರಿಸಿದೆ. ಕರೆಂಟ್ ಹೋದರೆ ತೊಟ್ಟಿಯ ಸುತ್ತ ದಪ್ಪ ಟವೆಲ್ ಸುತ್ತಿ, ಬಾಟಲಿಯಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ ತೇಲಿಬಿಡಿ. ಬೆಟ್ಟಾ ಮೇಲೆ ಬಂದು ಗಾಳಿ ಕುಡಿಯುತ್ತದೆ, ಏರ್ ಪಂಪ್ ನಿಂತಿತು ಅಂತ ಹೆದರಬೇಡಿ. ಮುಚ್ಚಳ ಇರಲಿ, ಆ ಗಾಳಿಯೂ ಬೆಚ್ಚಗಿರಬೇಕು.

ಎರಡನೆಯದು ನೀರು. ಮೀನಿನ ಕಕ್ಕ, ತಿನ್ನದೆ ಬಿಟ್ಟ ಕಾಳು ಕೊಳೆತು ಅಮೋನಿಯಾ ಆಗುತ್ತದೆ. ಅದು ರೆಕ್ಕೆಯನ್ನು ಸುಡುತ್ತದೆ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದಲೇ ಆಗುವ ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಮೊದಲ ವಾರ ದಿನಾ ಕಾಲು ಭಾಗ ನೀರು ಬದಲಿಸಿ. ಹೊಸ ನೀರು ಹಳೆಯದಷ್ಟೇ ಬೆಚ್ಚಗಿರಲಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿ.

ಇಲ್ಲಿ ನಮ್ಮ ಊರಿನವರು ಜಾಸ್ತಿ ಗಮನ ಕೊಡಬೇಕಾದ ಒಂದು ವಿಷಯವಿದೆ. ಬಚ್ಚಲು ಮನೆಯ ತಾಮ್ರದ ಹಂಡೆಯಿಂದ ಬಿಸಿನೀರು ತಂದು ತೊಟ್ಟಿಗೆ ಸುರಿಯಬೇಡಿ. ಬೋರ್ಡೋ ದ್ರಾವಣ (ತೋಟಕ್ಕೆ ಸಿಂಪಡಿಸುವ ಮೈಲುತುತ್ತ, ಸುಣ್ಣದ ಮಿಶ್ರಣ) ಕಲಸಿದ ಬಕೆಟ್ ಎಷ್ಟೇ ತೊಳೆದಿದ್ದರೂ ಮೀನಿನ ಕೆಲಸಕ್ಕೆ ಬೇಡ. ಮೈಲುತುತ್ತದಲ್ಲಿರುವುದು ತಾಮ್ರವೇ, ಮೀನಿಗೆ ಅದು ವಿಷ. ಖನಿಜ ಕಡಿಮೆ ಇರುವ ಮೆದು ನೀರಿನಲ್ಲಂತೂ ಅದರ ಕಾಟ ಇನ್ನೂ ಜಾಸ್ತಿ. ಮೀನಿಗೇ ಅಂತ ಒಂದು ಹೊಸ ಪ್ಲಾಸ್ಟಿಕ್ ಬಕೆಟ್ ಇಟ್ಟುಬಿಡಿ, ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ.

ಬಾಲ ಕೊಳೆಯುತ್ತಿದೆಯೋ ಹರಿದಿದೆಯೋ ಅಂತಲೂ ನೋಡಿ. ಅಂಚು ಕಪ್ಪು, ಕಂದು ಅಥವಾ ಕೆಂಪಾಗಿ ದಿನೇ ದಿನೇ ಒಳಗೆ ಸರಿದರೆ ಕೊಳೆ. ಬಣ್ಣ ಬದಲಾಗದೆ ಒಂದೇ ದಿನದಲ್ಲಿ ತುಂಡು ಹೋಗಿದ್ದರೆ ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿ ಹರಿದಿರಬಹುದು, ಇಲ್ಲವೇ ತಾನೇ ಕಚ್ಚಿಕೊಂಡಿರಬಹುದು. ನೀವು ಹೇಳಿದ್ದು ಕೊಳೆಯ ಹಾಗೇ ಕಾಣುತ್ತಿದೆ.

ನಾಲ್ಕೈದು ದಿನ ಬೆಚ್ಚಗಿನ ಶುದ್ಧ ನೀರಿನಲ್ಲಿಟ್ಟೂ ಕೊಳೆ ನಿಲ್ಲದಿದ್ದರೆ ಉಪ್ಪು ಕೊಡಿ. ಅಕ್ವೇರಿಯಂ ಉಪ್ಪು, ಸಿಗದಿದ್ದರೆ ಬೇರೇನೂ ಬೆರೆಸದ ಕಲ್ಲುಪ್ಪು. 4 ಲೀಟರಿಗೆ ಒಂದು ಟೀ ಚಮಚ, ಬೇರೆ ಪಾತ್ರೆಯಲ್ಲಿ ಪೂರ್ತಿ ಕರಗಿಸಿ ಹಾಕಿ. ನೀರು ಬದಲಿಸಿದಾಗ ಹೊಸ ನೀರಿಗೆ ಎಷ್ಟು ಬೇಕೋ ಅಷ್ಟೇ ಸೇರಿಸಿ, ಯಾಕೆಂದರೆ ಉಪ್ಪು ಆವಿಯಾಗಿ ಹೋಗುವುದಿಲ್ಲ. 10 ದಿನಕ್ಕಿಂತ ಹೆಚ್ಚು ಬೇಡ.

ನಿಮಗೆ ಕೊಟ್ಟಿರುವುದು ಮೆಥಿಲೀನ್ ಬ್ಲೂ ಇರಬೇಕು, ಬಾಟಲಿ ಮೇಲೆ ಓದಿ ನೋಡಿ. ಅದು ಮುಖ್ಯವಾಗಿ ಶಿಲೀಂಧ್ರಕ್ಕೆ. ತೊಟ್ಟಿಗೆ ಹಾಕಿದರೆ ಫಿಲ್ಟರಿನಲ್ಲಿದ್ದು ಅಮೋನಿಯಾ ಇಳಿಸುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಮತ್ತೆ ಏರುತ್ತದೆ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಕ್ಯಾಪ್ಸೂಲ್ ಬಿಚ್ಚಿ ಹಾಕುವುದಂತೂ ಬೇಡವೇ ಬೇಡ. ಕೊಳೆ ಬಾಲದ ಬುಡಕ್ಕೆ ಬಂದರೆ, ಮೈಮೇಲೆ ಕೆಂಪು ಗೆರೆ ಕಂಡರೆ, ಮೀನು ತಿನ್ನುವುದನ್ನೇ ಬಿಟ್ಟರೆ ತಡ ಮಾಡದೆ ಮೀನಿನ ಬಗ್ಗೆ ತಿಳಿದ ಪಶುವೈದ್ಯರನ್ನು ಕೇಳಿ.

ನನ್ನ ಮೀನು ಎಂಟು ದಿನ ಮೂಲೆ ಬಿಟ್ಟು ಅಲುಗಲಿಲ್ಲ. ಒಂಬತ್ತನೆಯ ಬೆಳಿಗ್ಗೆ ಮುಚ್ಚಳ ತೆಗೆದ ಸದ್ದಿಗೆ ಮೇಲೆ ಬಂದು ಒಂದು ಕಾಳು ನುಂಗಿತು. ನನಗೆ ಕಣ್ಣು ತುಂಬಿ ಬಂತು. ಎರಡು ವಾರದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಕಪ್ಪು ಅಂಚಿನ ಆಚೆ ಈರುಳ್ಳಿಯ ಒಳಪೊರೆಯಂಥ ತೆಳ್ಳಗಿನ ಬಿಳಿ ಪಟ್ಟಿ. ಅದೇ ಹೊಸ ರೆಕ್ಕೆ. ಸುಮ್ನೆ ನೋಡಿದರೆ ಬಿಳಿ ಬೂಸ್ಟು ಅಂತ ಅನ್ನಿಸಬಹುದು, ಆದರೆ ಬೂಸ್ಟು ಹತ್ತಿಯ ಹಾಗೆ ಉಬ್ಬಿರುತ್ತದೆ, ಇದು ನಯವಾಗಿರುತ್ತದೆ. ಬಾಲ ಪೂರ್ತಿ ಬರಲು ನನ್ನದಕ್ಕೆ ಮೂರು ತಿಂಗಳು ಹಿಡಿಯಿತು, ಬಣ್ಣ ಮೊದಲಿಗಿಂತ ಸ್ವಲ್ಪ ಮಾಸಲು.

ಇವತ್ತು ನೀರು ಎಷ್ಟು ಡಿಗ್ರಿ ಇದೆ, ತೊಟ್ಟಿ ಎಷ್ಟು ಲೀಟರಿನದು ಅಂತ ಕೆಳಗೆ ಬರೆಯಿರಿ. ಉಪ್ಪಿನ ಲೆಕ್ಕ ನಾನೇ ಹಾಕಿ ಕೊಡುತ್ತೇನೆ.