ಉಂಗುರಕ್ಕೆ ಸುತ್ತಿದ ದಾರ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆ ತಾಯಿ ನನ್ನ ಬಳಿ ಸಲಹೆಗೆ ಬಂದದ್ದು ಮಗಳ ಸಲುವಾಗಿ. ಅಕ್ಕನ ಮದುವೆಯ ಹೊತ್ತಿಗೆ ತೆಳ್ಳಗಾಗಬೇಕೆಂದು 19ರ ಹುಡುಗಿ ರಾತ್ರಿಯೂಟ ಬಿಟ್ಟಿದ್ದಳು; ಮುದ್ದೆ, ಅನ್ನ ಮುಟ್ಟುತ್ತಿರಲಿಲ್ಲ. "ನೀವಾದರೂ ಬುದ್ಧಿ ಹೇಳಿ ಮೇಡಂ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಾಗ ಆಕೆಯ ಬೆರಳಿನ ಉಂಗುರ ಕಂಡಿತು. ಜಾರದಿರಲೆಂದು ಕೆಳಬದಿಗೆ ದಾರ ಸುತ್ತಿದ್ದರು. ಒಳಗಿನ ಸುತ್ತು ಮಾಸಿ ಕಪ್ಪಾಗಿತ್ತು, ಅದರ ಮೇಲೆ ಹೊಸದಾಗಿ ಕೆಂಪು ದಾರ.

ಮಗಳ ಮಾತನ್ನು ಬದಿಗಿಟ್ಟು ತಾಯಿಯನ್ನೇ ವಿಚಾರಿಸಿದೆ. ಐದು ತಿಂಗಳಲ್ಲಿ 62 ಕಿಲೋದಿಂದ 54ಕ್ಕೆ ಇಳಿದಿದ್ದರು. "ಮದುವೆಯ ಓಡಾಟ. ಚೆನ್ನಾಗಿ ಕಾಣುತ್ತೀರಿ ಎಂದು ಎಲ್ಲರೂ ಹೇಳುತ್ತಾರೆ" ಎಂದರು. ಊಟ ಕಡಿಮೆ ಮಾಡಿರಲಿಲ್ಲ, ಹಸಿವು ಹೆಚ್ಚಾಗಿತ್ತು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದರು, ತಲೆದಿಂಬಿನ ಪಕ್ಕದ ತಂಬಿಗೆಯ ನೀರು ಬೆಳಗಾಗುವಷ್ಟರಲ್ಲಿ ಖಾಲಿ. ಅಷ್ಟು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

ನಾನು ವೈದ್ಯಳಲ್ಲ, ರೋಗದ ಹೆಸರು ಹೇಳಲಿಲ್ಲ. ಪ್ರಯತ್ನವಿಲ್ಲದೆ ಆರರಿಂದ ಹನ್ನೆರಡು ತಿಂಗಳಲ್ಲಿ ದೇಹತೂಕದ ನೂರಕ್ಕೆ ಐದು ಪಾಲು ಇಳಿದರೂ ತಪಾಸಣೆ ಬೇಕು, ನಿಮ್ಮದು ಹದಿಮೂರರ ಹತ್ತಿರ ಬಂದಿದೆ ಎಂದೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ, ಕ್ಯಾನ್ಸರ್, ಖಿನ್ನತೆ, ಏನೂ ಇರಬಹುದು. ನಾಳೆಯೇ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಮದುವೆ ಮುಗಿಯಲಿ ಎನ್ನಬೇಡಿ ಎಂದು ಒತ್ತಾಯಿಸಿದೆ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) 286 ಬಂತು. 126 ಮುಟ್ಟಿದರೇ ಮಧುಮೇಹವೆನ್ನುತ್ತಾರೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ದೇಹ ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸಿಕೊಳ್ಳುತ್ತದೆ. ಜನ ಹೊಗಳುತ್ತಿದ್ದದ್ದು ಇದನ್ನು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮಗಳು ಮುಂದಿನ ವಾರ ಬಂದಳು. ಎರಡು ತಿಂಗಳಿಂದ ಮುಟ್ಟಾಗಿಲ್ಲ, ಬಾಚಣಿಗೆ ತುಂಬ ಕೂದಲು ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಅವಳನ್ನು ಗದರಿಸಬೇಡಿ, ತಟ್ಟೆ ನೋಡಿ ಮಾತಾಡಬೇಡಿ ಎಂದು ಮನೆಯವರಿಗೆ ತಿಳಿಸಿದೆ. ತೂಕ ಇಳಿಸಲೇಬೇಕಾದವರಿಗೂ ವಾರಕ್ಕೆ ಅರ್ಧದಿಂದ ಒಂದು ಕಿಲೋ ಸಾಕು. 48 ಕಿಲೋದ ನಿನಗೆ ಇಳಿಸುವ ಅಗತ್ಯವೇ ಇಲ್ಲ ಎಂದು ಅವಳಿಗೆ ಬಿಡಿಸಿ ಹೇಳಿದೆ. ಮಾತ್ರೆಯ ಕಾರಣಕ್ಕೆ ತಾಯಿ ಈಗ ರಾತ್ರಿ ಎಂಟಕ್ಕೆ ಸರಿಯಾಗಿ ಊಟ ಮಾಡಬೇಕು. ಜೊತೆಗೆ ಕೂರುವ ಹೊಣೆಯನ್ನು ಮಗಳು ತಾನಾಗಿ ವಹಿಸಿಕೊಂಡಿದ್ದಾಳೆ. ಅರ್ಧ ಮುದ್ದೆ ತಿನ್ನುತ್ತಾಳಂತೆ. ಮುಟ್ಟು ಇನ್ನೂ ಮರಳಿಲ್ಲ. ಸ್ತ್ರೀರೋಗ ತಜ್ಞರಲ್ಲಿಗೆ ಗುರುವಾರ ಇಬ್ಬರೂ ಹೋಗುತ್ತಾರೆ.