ಓದುಗರ ಪ್ರಶ್ನೆಗೆ ಮನಶ್ಶಾಸ್ತ್ರಜ್ಞರ ಉತ್ತರ: ಅತಿಭಯ ಮತ್ತು ವರ್ತನಾ ಚಿಕಿತ್ಸೆ

ಪ್ರಶ್ನೆ: ನಾನು ಮೂಡಿಗೆರೆಯ ಗೃಹಿಣಿ, ವಯಸ್ಸು 46. ಕೆಲವು ವರ್ಷಗಳ ಹಿಂದೆ ಚಾರ್ಮಾಡಿ ಘಾಟಿಯ ತಿರುವೊಂದರಲ್ಲಿ ನಾವಿದ್ದ ಬಸ್ಸು ಜಾರಿ ತಡೆಗೋಡೆಗೆ ತಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಂದಿನಿಂದ ಕೊಟ್ಟಿಗೆಹಾರ ದಾಟಿದರೆ ಸಾಕು, ಕೈಕಾಲು ನಡುಗಿ ಉಸಿರು ಕಟ್ಟಿದಂತಾಗುತ್ತದೆ. ಉಜಿರೆಯಲ್ಲಿ ಓದುತ್ತಿರುವ ಮಗಳನ್ನು ನೋಡಲು ಯಜಮಾನರೊಬ್ಬರೇ ಹೋಗಿಬರುತ್ತಾರೆ. ಅಂತ್ರ ಕಟ್ಟಿಸಿದ್ದಾಯಿತು, ನಿದ್ದೆಮಾತ್ರೆ ನುಂಗಿ ಒಮ್ಮೆ ಹೋಗಿಬಂದದ್ದೂ ಆಯಿತು. ಒಂದು ಸಲ ಬಲವಂತವಾಗಿ ಕರೆದೊಯ್ದರೆ ಸರಿಹೋಗುತ್ತದೆ ಎಂದು ನಮ್ಮ ಭಾವ ಹೇಳುತ್ತಾರೆ. ವರ್ತನಾ ಚಿಕಿತ್ಸೆಯಿಂದ ಇದು ವಾಸಿಯಾಗುತ್ತದೆಯೇ?

ಉತ್ತರ: ವಾಸಿಯಾಗುವ ಸಾಧ್ಯತೆ ಬಹಳ ಹೆಚ್ಚು. ಒಂದೇ ವಸ್ತುವಿಗೆ ಅಥವಾ ಒಂದೇ ಸನ್ನಿವೇಶಕ್ಕೆ ಅಂಟಿಕೊಂಡ ಅತಿಭಯ, ಅಂದರೆ ಫೋಬಿಯಾ, ಮನಸ್ಸಿನ ತೊಂದರೆಗಳ ಪೈಕಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವಂಥದ್ದು. ಭಯ ಹುಟ್ಟಿದ್ದು ಆ ದಿನದ ಘಟನೆಯಿಂದ ಇರಬಹುದು. ಆದರೆ ಇಷ್ಟು ವರ್ಷ ಅದು ಉಳಿದುಕೊಂಡಿರುವುದು ನೀವು ಘಾಟಿಯನ್ನು ತಪ್ಪಿಸುತ್ತ ಬಂದಿರುವುದರಿಂದ. ಪ್ರತಿ ಸಲ ಕೊಟ್ಟಿಗೆಹಾರದಿಂದ ಹಿಂತಿರುಗಿದಾಗಲೂ ನಿಮಗೆ ಹಾಯೆನಿಸುತ್ತದೆ, ಆ ಹಾಯೆನಿಸುವಿಕೆಯೇ ಮುಂದಿನ ಸಲವೂ ಹಿಂತಿರುಗುವುದನ್ನು ಕಲಿಸುತ್ತದೆ, ಘಾಟಿ ಇಳಿದರೆ ನಿಜಕ್ಕೂ ಏನಾಗುತ್ತದೆಂದು ತಿಳಿಯುವ ಅವಕಾಶವಂತೂ ಬರುವುದೇ ಇಲ್ಲ. ಯಜಮಾನರು ಪ್ರೀತಿಯಿಂದಲೇ ಒಬ್ಬರೇ ಹೋಗಿಬರುತ್ತಿದ್ದಾರೆ, ನಿಜ. ಆದರೂ ಅದು ಭಯಕ್ಕೆ ಆಸರೆಯಾಗಿದೆ.

ವರ್ತನಾ ಚಿಕಿತ್ಸೆ ಈ ತಪ್ಪಿಸಿಕೊಳ್ಳುವಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುತ್ತದೆ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಪುಟ್ಟ ಹುಡುಗನೊಬ್ಬನಿಗೆ ಇಷ್ಟದ ತಿಂಡಿ ಕೊಡುತ್ತ, ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದು, ಕೊನೆಗೆ ಅವನೇ ಅದನ್ನು ಮುಟ್ಟಿ ಆಡಿಸುವಂತೆ ಮಾಡಿದರು. ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ರೋಗಿ ಮೊದಲು ಸ್ನಾಯುಗಳನ್ನು ಸಡಿಲಬಿಡಲು ಕಲಿತು, ಆ ನೆಮ್ಮದಿಯಲ್ಲಿರುವಾಗಲೇ ಭಯದ ದೃಶ್ಯಗಳನ್ನು ಸೌಮ್ಯವಾದುದರಿಂದ ತೀವ್ರವಾದುದರವರೆಗೆ ಕ್ರಮವಾಗಿ ಕಲ್ಪಿಸಿಕೊಳ್ಳುತ್ತಿದ್ದರು. ಭಯದ ಸನ್ನಿವೇಶವನ್ನು ನೇರವಾಗಿ ಎದುರಿಸುವುದೇ ಮುಖ್ಯ, ವಿಶ್ರಾಂತಿಯ ಅಭ್ಯಾಸ ಅನಿವಾರ್ಯವಲ್ಲ ಎಂಬುದು ಮುಂದಿನ ಸಂಶೋಧನೆಗಳಿಂದ ತಿಳಿಯಿತು.

ನಿಮ್ಮ ವಿಷಯದಲ್ಲಿ ಇದು ಹೀಗಿರಬಹುದು. ಚಿಕಿತ್ಸಕರೊಂದಿಗೆ ಕುಳಿತು, ಪ್ರತಿ ಸನ್ನಿವೇಶಕ್ಕೂ ನಿಮ್ಮ ಭಯ ಎಷ್ಟೆಂದು ಸೊನ್ನೆಯಿಂದ ನೂರರೊಳಗೆ ಅಂಕ ಕೊಡುತ್ತೀರಿ. ಘಾಟಿಯ ವಿಡಿಯೊ ನೋಡುವುದಕ್ಕೆ ಮೂವತ್ತು ಅಂಕವಿದ್ದರೆ ಅಲ್ಲಿಂದ ಆರಂಭ. ಆಮೇಲೆ ಕೊಟ್ಟಿಗೆಹಾರದಿಂದ ಮಲಯ ಮಾರುತ ಅತಿಥಿಗೃಹದವರೆಗೆ ಕಾರಿನಲ್ಲಿ ಹೋಗಿ, ಭಯ ಇಳಿಯುವವರೆಗೆ ಅಲ್ಲೇ ಇರುವುದು. ಮುಂದೆ ಅಣ್ಣಪ್ಪ ಸ್ವಾಮಿ ಗುಡಿಯವರೆಗೆ. ನಂತರ ಬಸ್ಸಿನಲ್ಲಿ ಕಣಿವೆಯ ಕಡೆಯ ಕಿಟಕಿಯ ಪಕ್ಕ ಕುಳಿತು ಚಾರ್ಮಾಡಿ ಊರಿನವರೆಗೆ. ಕೊನೆಗೆ ಒಬ್ಬರೇ ಉಜಿರೆಗೆ. ಹೊರಡುವ ಮೊದಲು, ಏನಾಗಬಹುದೆಂದು ನೀವು ಹೆದರಿದ್ದೀರೋ ಅದನ್ನು ಬರೆದಿಡಿ: ಉಸಿರು ನಿಂತುಹೋಗುತ್ತದೆ, ಕಿರುಚಿಬಿಡುತ್ತೇನೆ, ಬಸ್ಸು ಉರುಳುತ್ತದೆ, ಹೀಗೆ ಏನೇ ಇರಲಿ. ಹೋಗಿಬಂದ ಮೇಲೆ ಆದದ್ದನ್ನು ಅದರ ಪಕ್ಕದಲ್ಲೇ ಬರೆಯಿರಿ. ಊಹಿಸಿದ್ದಕ್ಕೂ ನಡೆದದ್ದಕ್ಕೂ ಇರುವ ವ್ಯತ್ಯಾಸವನ್ನು ಮತ್ತೆ ಮತ್ತೆ ಕಂಡಾಗ ಮನಸ್ಸು ಹೊಸ ಪಾಠ ಕಲಿಯುತ್ತದೆ. ಹಳೆಯ ಭಯದ ನೆನಪು ಪೂರ್ತಿ ಅಳಿದುಹೋಗುವುದಿಲ್ಲವಾದ್ದರಿಂದ ಬೇರೆ ಬೇರೆ ಬಸ್ಸು, ಬೇರೆ ಬೇರೆ ಹೊತ್ತು, ಬೇರೆ ಬೇರೆ ಆಸನಗಳಲ್ಲಿ ಅಭ್ಯಾಸ ಮಾಡಬೇಕು, ವಾಸಿಯಾದ ಮೇಲೂ ಆಗಾಗ ಹೋಗಿಬರುತ್ತಿರಬೇಕು.

ಕಣ್ಣು ಮುಚ್ಚಿಕೊಳ್ಳುವುದು, ಯಜಮಾನರ ಕೈ ಬಿಡದೆ ಹಿಡಿಯುವುದು, ಹೊರಡುವ ಮುನ್ನ ನಿದ್ದೆಮಾತ್ರೆ ನುಂಗುವುದು ಇವೆಲ್ಲ ಆ ಹೊತ್ತಿಗೆ ದಾಟಿಸುತ್ತವೆಯೇ ಹೊರತು ಕಲಿಸುವುದಿಲ್ಲ. ಕ್ಷೇಮವಾಗಿ ತಲುಪಿದ ಶ್ರೇಯಸ್ಸನ್ನು ಮನಸ್ಸು ಮಾತ್ರೆಗೇ ಕೊಟ್ಟುಬಿಡುತ್ತದೆ. ದೇವರ ನಾಮ ಹೇಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ನಾಮ ತಪ್ಪಿದರೆ ಬಸ್ಸು ಉರುಳುತ್ತದೆ ಎಂಬ ಭಾವನೆ ಅದರ ಹಿಂದಿದ್ದರೆ ಅದನ್ನು ಚಿಕಿತ್ಸಕರಿಗೆ ತಿಳಿಸಿ. ವೈದ್ಯರು ನಿತ್ಯ ತೆಗೆದುಕೊಳ್ಳಲು ಬರೆದುಕೊಟ್ಟ ಮಾತ್ರೆಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ನಿಮ್ಮ ಭಾವನವರ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ತೀವ್ರ ಭಯವನ್ನು ಒಮ್ಮೆಲೇ ಎದುರಿಸುವ ವಿಧಾನವೂ ಇದೆಯಾದರೂ, ಅದು ರೋಗಿ ತಿಳಿದು ಒಪ್ಪಿದಾಗ, ಅನುಭವಿ ಚಿಕಿತ್ಸಕರ ಜೊತೆಯಲ್ಲಿ ನಡೆಯುವಂಥದ್ದು. ಬಲವಂತದಿಂದ ಭಯ ಹೆಚ್ಚುವುದಲ್ಲದೆ ಮನೆಯವರ ಮೇಲಿನ ನಂಬಿಕೆಯೂ ಹೋಗುತ್ತದೆ. ಅಭ್ಯಾಸವನ್ನು ಮಳೆಗಾಲ ಕಳೆದ ಮೇಲೆ ಶುರುಮಾಡಿ. ಗುಡ್ಡ ಕುಸಿಯುವ, ದಾರಿ ಕಾಣದಷ್ಟು ಮಂಜು ಕವಿಯುವ ದಿನಗಳಲ್ಲಿ ಘಾಟಿಗೆ ಹೆದರುವುದು ವಿವೇಕ. ಆ ಅಪಘಾತ ರಾತ್ರಿ ಕನಸಿನಲ್ಲಿ ಮರುಕಳಿಸುತ್ತಿದ್ದರೆ, ಎಚ್ಚರದಲ್ಲಿಯೂ ಕಣ್ಣಮುಂದೆ ಬರುತ್ತಿದ್ದರೆ ಮೊದಲ ಭೇಟಿಯಲ್ಲಿಯೇ ಹೇಳಿ; ಆಗ ಚಿಕಿತ್ಸೆಯ ಕ್ರಮ ಬದಲಾಗುತ್ತದೆ.

ಪ್ರಶ್ನೆ: ನನ್ನ ಮಗಳು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ರಕ್ತ ಕಂಡರೆ, ಸೂಜಿ ಚುಚ್ಚುವುದನ್ನು ನೋಡಿದರೆ ತಲೆ ಸುತ್ತಿ ಬೀಳುತ್ತಾಳೆ. ನನಗೂ ಚಿಕ್ಕಂದಿನಲ್ಲಿ ಹೀಗಾಗುತ್ತಿತ್ತು. ದೀರ್ಘವಾಗಿ ಉಸಿರಾಡಿ ಮೈ ಸಡಿಲಬಿಡು ಎಂದರೂ ಪ್ರಯೋಜನವಾಗಿಲ್ಲ. ಓದು ಬಿಡಿಸಬೇಕೇ? (ಸಕಲೇಶಪುರದ ತಂದೆಯೊಬ್ಬರು)

ಉತ್ತರ: ಬಿಡಿಸಬೇಡಿ. ಮೈ ಸಡಿಲಬಿಡುವ ಸಲಹೆಯೇ ಇಲ್ಲಿ ತಿರುಗುಮುರುಗಾಗಿದೆ. ಬೇರೆ ಭಯಗಳಲ್ಲಿ ಎದೆಬಡಿತವೂ ರಕ್ತದೊತ್ತಡವೂ ಏರಿಯೇ ಇರುವುದರಿಂದ ಮೂರ್ಛೆ ಹೋಗುವುದು ಅಪರೂಪ. ರಕ್ತ ಮತ್ತು ಸೂಜಿಯ ಭಯದಲ್ಲಿ ಅವು ಮೊದಲು ಏರಿ, ಆಮೇಲೆ ಥಟ್ಟನೆ ಕುಸಿಯುವುದರಿಂದ ಮೆದುಳಿಗೆ ರಕ್ತ ಸಾಲದೆ ಪ್ರಜ್ಞೆ ತಪ್ಪುತ್ತದೆ. ಇದು ಒಂದೇ ಕುಟುಂಬದ ಹಲವರಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯವಾದ್ದರಿಂದ ನಿಮಗೂ ಹೀಗಾಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ; ಮಗಳ ಮನೋಬಲದ ಕೊರತೆಯಂತೂ ಇದಲ್ಲ.

ಸ್ವೀಡನ್ನಿನ ಲಾರ್ಸ್ ಗೊರಾನ್ ಓಸ್ಟ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದಕ್ಕೆಂದೇ ಸ್ನಾಯು ಬಿಗಿಯುವ ವಿಧಾನವನ್ನು ರೂಪಿಸಿದರು. ಕುಳಿತಲ್ಲೇ ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಮುಖ ಬಿಸಿಯಾಗುವವರೆಗೆ, ಅಂದರೆ ಸುಮಾರು 10ರಿಂದ 15 ಸೆಕೆಂಡು ಬಿಗಿಹಿಡಿದು, ಆಮೇಲೆ ಪೂರ್ತಿ ಸಡಿಲಿಸದೆ ಸಹಜ ಸ್ಥಿತಿಗೆ ತಂದು, 20ರಿಂದ 30 ಸೆಕೆಂಡು ಬಿಟ್ಟು ಮತ್ತೆ ಬಿಗಿಯಬೇಕು. ಹೀಗೆ ಐದು ಸಲ. ಇದು ರಕ್ತದೊತ್ತಡ ಕುಸಿಯದಂತೆ ತಡೆಯುತ್ತದೆ. ಅಭ್ಯಾಸ ಕೈವಶವಾದ ಮೇಲೆ ರಕ್ತದ ಚಿತ್ರ, ಸಿರಿಂಜ್, ಬೇರೆಯವರ ರಕ್ತ ತೆಗೆಯುವುದು, ಕೊನೆಗೆ ತನ್ನದೇ ರಕ್ತ ಕೊಡುವುದು ಎಂಬ ಕ್ರಮದಲ್ಲಿ, ತಲೆ ಹಗುರಾಗುವ ಮೊದಲ ಸೂಚನೆಗೇ ಬಿಗಿಯುವುದನ್ನು ಕಲಿಯಬೇಕು. ಸೂಜಿ ಚುಚ್ಚುವ ತೋಳನ್ನು ಮಾತ್ರ ಸಡಿಲವಾಗಿ ಬಿಡಬೇಕು. ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಿ; ಮೂರ್ಛೆಗೆ ಬೇರೆ ಕಾರಣವಿರಬಹುದು, ಹೃದ್ರೋಗ ಅಥವಾ ಅಧಿಕ ರಕ್ತದೊತ್ತಡ ಇರುವವರಿಗೆ ಈ ಬಿಗಿತ ತಕ್ಕುದಲ್ಲ. ಕಾಲೇಜಿನ ಅಧ್ಯಾಪಕಿಗೆ ವಿಷಯ ತಿಳಿಸಿದರೆ ಆರಂಭದ ದಿನಗಳಲ್ಲಿ ಅವಳನ್ನು ಕುಳಿತೇ ನೋಡಲು ಬಿಡುತ್ತಾರೆ. ಅದನ್ನು ಕೇಳಲು ಸಂಕೋಚ ಬೇಡ.

ಪ್ರಶ್ನೆ: ನಮ್ಮ ತೋಟದ ಕಡೆ ಕಾಡಾನೆ ಓಡಾಡುತ್ತಿವೆ. ಅಮ್ಮ ಸಂಜೆಯ ನಂತರ ಅಂಗಳಕ್ಕೂ ಇಳಿಯುವುದಿಲ್ಲ. ಇದೂ ಫೋಬಿಯಾವೇ? (ಆಲೂರು ತಾಲ್ಲೂಕಿನಿಂದ)

ಉತ್ತರ: ಅಲ್ಲ. ಅಪಾಯ ನಿಜವಾಗಿರುವ ಕಡೆ ಭಯವಿರಬೇಕು, ಅದನ್ನು ಕಳೆಯುವ ಚಿಕಿತ್ಸೆಯನ್ನು ಯಾರೂ ಕೊಡಬಾರದು. ಆನೆಯಿಲ್ಲದ ಹಾಸನ ಪೇಟೆಯ ನೆಂಟರ ಮನೆಯಲ್ಲಿದ್ದಾಗಲೂ ಅವರು ಹೊರಗೆ ಬಾರದಿದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ ಆಗ ತೋರಿಸಿ.

ಪ್ರಶ್ನೆ: ಈ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೇ? (ಅರಸೀಕೆರೆಯ ಓದುಗರು)

ಉತ್ತರ: ಬೇಕಾಗಿಲ್ಲ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯ ವಿಭಾಗದಲ್ಲಿ ಮೊದಲು ವಿಚಾರಿಸಿ. ಅಗತ್ಯವಿದ್ದರೆ ಅಲ್ಲಿಂದಲೇ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಯಾರ ಬಳಿ ಹೋದರೂ ಮೊದಲ ಭೇಟಿಯಲ್ಲಿಯೇ, ಭಯದ ಸನ್ನಿವೇಶವನ್ನು ಎದುರಿಸುವ ಅಭ್ಯಾಸ ಮಾಡಿಸುತ್ತೀರಾ, ಭೇಟಿಗಳ ನಡುವೆ ಮನೆಯಲ್ಲಿ ಮಾಡಲು ಏನು ಕೊಡುತ್ತೀರಿ ಎಂದು ಕೇಳಿ. ಭಯದ ಬಗ್ಗೆ ಮಾತನಾಡಿಸಿ ಮಾತ್ರ ಕಳುಹಿಸುತ್ತಿದ್ದರೆ ಅದು ವರ್ತನಾ ಚಿಕಿತ್ಸೆಯಾಗುವುದಿಲ್ಲ. ಬೇರೊಬ್ಬ ಚಿಕಿತ್ಸಕರನ್ನು ಕಾಣುವುದು ಒಳ್ಳೆಯದು.