ಕಣ್ಣು ಹೋಗುತ್ತಿರುವ ಸನ್ಯಾಸಿ ಗುರು ಧರ್ಮಕೇಂದ್ರ ಬಿಡಬೇಕಾ?

ಫಾದರ್, ನಿಮಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುವ ಕಣ್ಣಿನ ಕಾಯಿಲೆ ಇದೆ ಅಂತ ಡಾಕ್ಟರ್ ಹೇಳಿದ್ದಾರೆ. ಧರ್ಮಕೇಂದ್ರದ, ಅಂದರೆ ಒಂದು ಚರ್ಚು ಮತ್ತು ಅದರ ಜನರ, ಹೊಣೆ ಬಿಟ್ಟು ಆಶ್ರಮಕ್ಕೆ ಮರಳಲಾ, ಇಲ್ಲಾ ಜನರ ಗಮನಕ್ಕೆ ಬರುವವರೆಗೆ ಸುಮ್ನೆ ಮುಂದುವರಿಯಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನೂ ನಿಮ್ಮ ಹಾಗೆ ಕಥೋಲಿಕ ಸನ್ಯಾಸಿ ಗುರು, ನನಗೂ ಅದೇ ಕಾಯಿಲೆ. ನೀವು ಬರೆದ ಎರಡನೇ ದಾರಿಯಲ್ಲಿ ನಡೆದು ಒಂದು ಮನೆಯವರಿಗೆ ತೀರಿಸಲಾಗದ ನೋವು ಕೊಟ್ಟವನು ನಾನು.

ಈ ಕಾಯಿಲೆ ಹೇಗೆ ಮೋಸ ಮಾಡುತ್ತೆ ಅಂತ ನಿಮಗೆ ಈಗಾಗಲೇ ಗೊತ್ತಾಗುತ್ತಿರಬೇಕು. ಮೊದಲು ಇರುಳುಗುರುಡು. ಆಮೇಲೆ ಅಕ್ಕಪಕ್ಕದ ನೋಟ ಕಿರಿದಾಗುತ್ತಾ ಬರುತ್ತೆ. ನಡುವಿನ ನೋಟ ಮಾತ್ರ ಬಹಳ ಕಾಲ ಉಳಿಯುತ್ತೆ. ಹಾಗಾಗಿ ನಾನು ಪೂಜಾಗ್ರಂಥವನ್ನು ಸಲೀಸಾಗಿ ಓದುತ್ತಿದ್ದೆ, ಪೀಠದಿಂದ ಇಳಿದರೆ ಬೆಂಚಿಗೆ ಎಡವುತ್ತಿದ್ದೆ. ಪಕ್ಕದಲ್ಲಿ ನಿಂತು "ಸ್ತೋತ್ರ ಸ್ವಾಮಿ" ಅಂತ ಕೈ ಮುಗಿದವರು ಕಾಣುತ್ತಲೇ ಇರಲಿಲ್ಲ. ಗದ್ದಲದಲ್ಲಿ ದನಿಯೂ ಕೇಳದಿದ್ದರೆ ಮುಂದೆ ಹೋಗಿಬಿಡುತ್ತಿದ್ದೆ. ಸ್ವಾಮಿಗೆ ಜಂಬ ಅಂದರು. ಸಂಜೆ ಹೊತ್ತು ತಡವರಿಸುವುದು ನೋಡಿ ಕುಡಿಯುತ್ತಾರೆ ಅಂತಲೂ ಮಾತಾಯಿತು. ಎಲ್ಲಾ ಕಿವಿಗೆ ಬೀಳುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಬಾಯಿ ಬಿಡದೆ ಇರೋಕೆ ಎಷ್ಟು ಕಷ್ಟಪಟ್ಟೆ ಅಂತೀರಿ! ಸಂಜೆ ಪೂಜೆಯನ್ನು ಬೆಳಕಿರುವಾಗಲೇ ಮುಗಿಯುವ ಹಾಗೆ ಹಿಂದಕ್ಕೆ ತಂದೆ. ಗುಡಿಯ (ಚರ್ಚಿನ) ಮೆಟ್ಟಿಲಿಗೆ ದೊಡ್ಡ ದೀಪ ಹಾಕಿಸಿದೆ. ಕತ್ತಲಾದ ಮೇಲೆ ಮನೆ ಭೇಟಿ ಇಲ್ಲ, ಅದು ನಮ್ಮ ಸನ್ಯಾಸಿ ಸಭೆಯ ಪ್ರಾರ್ಥನೆಯ ಹೊತ್ತು ಅಂತ ಹೇಳಿಬಿಟ್ಟೆ. ನಮ್ಮಲ್ಲಿ ಸಂಜೆ ಪ್ರಾರ್ಥನೆ ಇರುವುದು ನಿಜ. ಆದರೆ ಸಾಯುತ್ತಿರುವವರ ಬಳಿ ಹೋಗಬೇಡ ಅಂತ ಯಾವ ನಿಯಮವೂ ಇಲ್ಲ. ಜನ ನಂಬಿದರು, ಗೌರವವನ್ನೂ ಕೊಟ್ಟರು. ನನ್ನ ವ್ರತವನ್ನೇ ನೆಪ ಮಾಡಿಕೊಂಡೆನಲ್ಲಾ, ಅದು ಈಗಲೂ ಚುಚ್ಚುತ್ತೆ.

ಒಂದು ರಾತ್ರಿ ಹಳ್ಳಿಯೊಂದರಿಂದ ಒಬ್ಬ ಯುವಕ ಬಂದ. ತಾಯಿಗೆ ಉಸಿರಾಟ ಕಷ್ಟವಾಗಿದೆ, ರೋಗಿಗಳ ಅಭ್ಯಂಗ ಕೊಡಬೇಕು ಸ್ವಾಮಿ ಅಂದ. ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ ಅದು. ಅವನ ಬೈಕು ಗೇಟಿನ ಹೊರಗೇ ನಿಂತಿತ್ತು, ಎಂಜಿನ್ ಕೂಡ ಆರಿಸಿರಲಿಲ್ಲ. ನಾನು ಗಾಡಿ ಓಡಿಸಬೇಕಿರಲಿಲ್ಲ, ಎಣ್ಣೆಯ ಡಬ್ಬಿ ತಗೊಂಡು ಅವನ ಹಿಂದೆ ಕೂತರೆ ಸಾಕಿತ್ತು. ಆದರೆ ಅವರ ಮನೆ ತೋಟದ ಒಳಗೆ. ಬೈಕು ನಿಲ್ಲಿಸಿದ ಮೇಲೆ ಬದುವಿನ ಮೇಲೆ ನಡೆಯಬೇಕು. ಯಾರಾದರೂ ಕೈ ಹಿಡಿಯಬೇಕು. ಹಿಡಿದವರಿಗೆ ಗೊತ್ತಾಗಿಬಿಡುತ್ತೆ. ಬಾಗಿಲಲ್ಲಿ ನಿಂತಷ್ಟು ಹೊತ್ತೂ ನನ್ನ ತಲೆಯಲ್ಲಿ ಓಡಿದ್ದು ಆ ಬದು, ಆ ತಾಯಿಯಲ್ಲ. ಜ್ವರ ಇದೆ, ಬೆಳಕು ಹರಿಯುತ್ತಲೇ ಬರ್ತೀನಪ್ಪ ಅಂದೆ. ಬೆಳಕು ಹರಿಯುವ ಮೊದಲೇ ಆಕೆ ತೀರಿಕೊಂಡರು.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವೂ ಇದೇ ಜಾಗಕ್ಕೆ ಬರುತ್ತೀರಿ. ಕಣ್ಣು ಕಾಣದ್ದು ಆ ರಾತ್ರಿಯ ತೊಂದರೆಯೇ ಆಗಿರಲಿಲ್ಲ. "ನನಗೆ ಕತ್ತಲಲ್ಲಿ ಕಾಣಲ್ಲಪ್ಪ, ಕೈ ಹಿಡ್ಕೊ" ಅಂದಿದ್ದರೆ ಮುಗಿದಿತ್ತು, ಆ ಹುಡುಗ ನನ್ನನ್ನು ಹೊತ್ತುಕೊಂಡಾದರೂ ಹೋಗುತ್ತಿದ್ದ. ಮುಚ್ಚಿಟ್ಟಿದ್ದರಿಂದ ಆ ಮಾತು ಹೇಳುವ ದಾರಿಯನ್ನು ನಾನೇ ಕಡಿದುಕೊಂಡಿದ್ದೆ. ಆ ಮನೆಯವರು ಆಮೇಲೆ ಗುಡಿಗೆ ಬರುವುದನ್ನೇ ಬಿಟ್ಟರು. ನಿಜ ಸಂಗತಿ ತಿಳಿಸಿ ಕ್ಷಮೆ ಕೇಳಲು ಹೋದಾಗ ಮಗ ಮಾತಾಡಲಿಲ್ಲ. ಮಾತಾಡಬೇಕು ಅಂತ ನಾನು ಬಯಸುವುದೂ ತಪ್ಪು.

ಈಗ ನಿಮ್ಮ ಕಾನೂನಿನ ಭಯದ ಬಗ್ಗೆ. ಅಂಗವಿಕಲರಿಗೆ ಪೂಜೆ ಅರ್ಪಿಸುವ ಅಧಿಕಾರ ಹೋಗುತ್ತಾ ಅಂತ ಕೇಳಿದ್ದೀರಿ. ಅದು ಹಳೆಯ ಕಾಲದ ನೆರಳು. 1917ರ ಧರ್ಮಸಭೆಯ ಕಾನೂನಿನಲ್ಲಿ ಪೀಠದ ಸೇವೆಗೆ ಅಡ್ಡಿಯಾಗುವ ದೇಹದ ಕೊರತೆ ಗುರುದೀಕ್ಷೆಗೂ ಅಡ್ಡಿಯಾಗಿತ್ತು. ಅದಕ್ಕೂ ಹಿಂದೆ, 1640ರ ದಶಕದಲ್ಲಿ, ಯೇಸುಸಭೆ ಅನ್ನುವ ಸನ್ಯಾಸಿ ಸಭೆಯ ಗುರು ಐಸಾಕ್ ಜೋಗ್ ಅವರ ಬೆರಳುಗಳು ಉತ್ತರ ಅಮೆರಿಕದಲ್ಲಿ ಸೆರೆಯಲ್ಲಿದ್ದಾಗ ಊನವಾದವು. ಅವರು ಮತ್ತೆ ಪೂಜೆ ಅರ್ಪಿಸಲು ಎಂಟನೇ ಅರ್ಬನ್ ಪೋಪರೇ ಅನುಮತಿ ಕೊಡಬೇಕಾಯಿತು. 1983ರಲ್ಲಿ ಬಂದ ಧರ್ಮಸಭೆಯ ಹೊಸ ಕಾನೂನು ಸಂಹಿತೆ ದೇಹದ ಕೊರತೆಯ ಆ ಅಡ್ಡಿಯನ್ನು ಕೈಬಿಟ್ಟಿತು. ಅದರ 930ನೇ ವಿಧಿ ಓದಿ. ಕಣ್ಣು ಕಾಣದ ಗುರು ಅನುಮೋದಿತ ಯಾವುದೇ ಪೂಜಾಪಠ್ಯ ಬಳಸಿ ಪೂಜೆ ಅರ್ಪಿಸಬಹುದು. ಅಗತ್ಯವಿದ್ದರೆ ಇನ್ನೊಬ್ಬ ಗುರುವೋ, ಡೀಕನ್ನರೋ (ಗುರುವಿಗಿಂತ ಕೆಳಗಿನ ದೀಕ್ಷೆ ಪಡೆದವರು), ಸರಿಯಾಗಿ ಕಲಿತ ಗೃಹಸ್ಥರೋ ನೆರವಾಗಬಹುದು. ಪೂಜೆಯ ನಡುವೆ ಹೇಳುವ ಕೃತಜ್ಞತಾ ಪ್ರಾರ್ಥನೆಗಳಲ್ಲಿ ನಾನು ಎರಡನೆಯದನ್ನು ಬಾಯಿಪಾಠ ಮಾಡಿದ್ದೇನೆ, ಅದೇ ಚಿಕ್ಕದು. ಪಾಪನಿವೇದನೆ ಕೇಳೋಕೆ ಕಣ್ಣು ಬೇಕಿಲ್ಲ. ಜ್ಞಾನಸ್ನಾನದ ರಿಜಿಸ್ಟರನ್ನು ಇನ್ನೊಬ್ಬರು ಬರೆದು ಓದಿ ಹೇಳುತ್ತಾರೆ, ನಾನು ಸಹಿ ಹಾಕುತ್ತೇನೆ.

ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಹಂಚುವುದು ಮಾತ್ರ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಎದುರಿಗಿರುವವರು ಕೈ ಚಾಚಿದ್ದಾರೋ ನಾಲಿಗೆ ಚಾಚಿದ್ದಾರೋ ಗೊತ್ತಾಗುವುದಿಲ್ಲ. ಈಗ ಜನ ತಮ್ಮ ಎಡಗೈಯ ಬೆರಳ ತುದಿಯನ್ನು ನನ್ನ ಬಲಗೈಗೆ ಮೆಲ್ಲಗೆ ತಾಗಿಸುತ್ತಾರೆ, ನಾನು ಅಂಗೈ ಹುಡುಕಿ ಇಡುತ್ತೇನೆ. ಇದನ್ನು ಹೇಳಿಕೊಟ್ಟದ್ದು ನಾನಲ್ಲ, ವಯಸ್ಸಾದ ಒಬ್ಬ ಅಮ್ಮ ಶುರು ಮಾಡಿದರು. ಹಿಂದೆ ನಿಂತವರು ನೋಡಿ ಕಲಿತರು.

ಆದರೆ ಪೂಜೆ ಅರ್ಪಿಸುವುದು ಬೇರೆ, ಧರ್ಮಕೇಂದ್ರದ ಗುರುವಾಗಿರುವುದು ಬೇರೆ. ಇಲ್ಲಿ ನಿಮಗೆ ಹಿತವಾಗದ ಮಾತು ಹೇಳಬೇಕು. ಕೆಲಸ ನಡೆಸಲಾಗದಷ್ಟು ಶಾಶ್ವತ ಅಸ್ವಸ್ಥತೆ ಇದ್ದರೆ ಗುರುವನ್ನು ಆ ಹೊಣೆಯಿಂದ ತೆಗೆಯಬಹುದು ಅಂತ ಅದೇ ಸಂಹಿತೆಯ 1741ನೇ ವಿಧಿ ಹೇಳುತ್ತೆ. ನೀವು ಸನ್ಯಾಸಿ ಬೇರೆ. 682ನೇ ವಿಧಿಯ ಪ್ರಕಾರ ಧರ್ಮಾಧ್ಯಕ್ಷರಾಗಲಿ (ಬಿಷಪ್) ನಿಮ್ಮ ಸಭೆಯ ಪ್ರಾಂತ್ಯದ ಮುಖ್ಯಸ್ಥರಾದ ಪ್ರೊವಿನ್ಶಿಯಲ್ ಆಗಲಿ, ಒಬ್ಬರು ಇನ್ನೊಬ್ಬರಿಗೆ ತಿಳಿಸಿ ನಿಮ್ಮನ್ನು ಬಿಡಿಸಬಹುದು, ಇನ್ನೊಬ್ಬರ ಒಪ್ಪಿಗೆಯೂ ಬೇಕಿಲ್ಲ. ಹಾಗಾಗಿ "ಬಿಡಲಾ, ಇರಲಾ" ಅನ್ನುವುದು ನೀವೊಬ್ಬರೇ ಕೂತು ತೀರ್ಮಾನ ಮಾಡುವ ವಿಷಯವೇ ಅಲ್ಲ. ವಿಧೇಯತೆಯ ವ್ರತ ತೆಗೆದುಕೊಂಡವರು ಮೊದಲು ನಿಜ ಹೇಳಬೇಕು. ರಾಜೀನಾಮೆ ಪತ್ರವನ್ನು ಮೊದಲೇ ಬರೆದು ಕೊಡುವುದೂ ನನ್ನ ದೃಷ್ಟಿಯಲ್ಲಿ ಒಂದು ಬಗೆಯ ಮುಚ್ಚಿಡುವಿಕೆಯೇ. ಕಾರಣ "ಆರೋಗ್ಯ" ಅಂತ ಒಂದು ಪದದಲ್ಲಿ ಮುಗಿಸಿ ಓಡಿಹೋಗುವುದು.

ನನ್ನ ವಿಷಯದಲ್ಲಿ, ಹೇಳಿದ ಮೇಲೂ ಕೆಲವು ವರ್ಷ ಅಲ್ಲೇ ಇರಲು ಬಿಟ್ಟರು, ಒಬ್ಬ ಸಹಾಯಕ ಗುರುವನ್ನು ಕೊಟ್ಟರು. ಆಮೇಲೆ ಹೊಣೆ ಅವರಿಗೆ ಹೋಯಿತು, ನಾನೇ ಸಹಾಯಕನಾದೆ. ಅದೇ ಊರು, ಅದೇ ಜನ. ಆ ಬದಲಾವಣೆಯ ದಿನ ಬೇಜಾರಾಯಿತು, ಇಲ್ಲ ಅನ್ನಲ್ಲ.

ಇನ್ನು ಆಶ್ರಮಕ್ಕೆ "ಮರಳುವ" ಮಾತು. ಕೈಲಾಗದವರನ್ನು ಕೂರಿಸುವ ಜಾಗ ಅದು ಅನ್ನುವ ಹಾಗೆ ಬರೆದಿದ್ದೀರಿ. ಜರ್ಮನಿಯ ರೈಖೆನಾವ್ ಮಠದ ಹರ್ಮನ್ (1013–1054) ನಡೆಯಲಾರದವರು, ಅವರ ಮಾತು ಅರ್ಥವಾಗುವುದೂ ಕಷ್ಟವಿತ್ತು. ಅವರನ್ನು ಕುರ್ಚಿಯಲ್ಲಿ ಹೊತ್ತು ಓಡಾಡಿಸುತ್ತಿದ್ದರು. ಅವರೇ ಆ ಮಠದಲ್ಲಿ ಸಂಗೀತ, ಖಗೋಳ, ಚರಿತ್ರೆ ಬರೆದರು, ಪಾಠ ಹೇಳಿದರು. ಆಶ್ರಮಕ್ಕೆ ಹೋಗುವುದಾದರೆ ಮಾಡುವ ಕೆಲಸವನ್ನು ಕೇಳಿ ಪಡೆದುಕೊಂಡು ಹೋಗಿ.

ಈ ವಾರವೇ ಪ್ರೊವಿನ್ಶಿಯಲ್ ಅವರಿಗೆ ಫೋನ್ ಮಾಡಿ, ವರ್ಗಾವಣೆಯ ಪಟ್ಟಿ ಸಿದ್ಧವಾದ ಮೇಲೆ ಹೇಳಿದರೆ ಅವರ ಕೈಯೂ ಕಟ್ಟಿರುತ್ತೆ. ಆಮೇಲೆ ಧರ್ಮಾಧ್ಯಕ್ಷರು. ಆಮೇಲೆ ಒಂದು ಭಾನುವಾರ ಪ್ರಬೋಧನೆ ಮುಗಿದ ಮೇಲೆ ಜನರಿಗೆ, ಕಾಯಿಲೆಯ ಹೆಸರು ಹೇಳಿಯೇ. ಬೈಕು ಇವತ್ತೇ ನಿಲ್ಲಿಸಿ, ಹಗಲಲ್ಲೂ ಬೇಡ, ಪಕ್ಕದಿಂದ ಮಗು ಓಡಿ ಬಂದರೆ ನಿಮಗೆ ಕಾಣಲ್ಲ. ರಾತ್ರಿ ಕರೆ ಬಂದರೆ ನಿಮ್ಮನ್ನು ಕರೆದೊಯ್ಯಲು ಇಬ್ಬರು ಮೂವರು ಯುವಕರನ್ನು ಗೊತ್ತು ಮಾಡಿಕೊಳ್ಳಿ. ಪೆಟ್ರೋಲ್ ಖರ್ಚು ಧರ್ಮಕೇಂದ್ರದ ಲೆಕ್ಕದಲ್ಲೇ ಬರಲಿ, ಆ ಹುಡುಗರ ಜೇಬಿನಿಂದ ಬೇಡ.